ಅಂಗಡಿ ಮುಚ್ಚಿ ಸಂತೆ ತೆರೆದವರಿಗೆ

ಈಗೀಗ ಒಂದು ಹೊಸ ಬುದ್ಧಿವಾದ ಊರೂರು ತಿರುಗುತ್ತಿದೆ. ಸ್ವಂತದ್ದೊಂದು ವೆಬ್‌ಸೈಟು ಮಾಡಿಕೊಂಡು ಸೀರೆಯನ್ನೋ ಹಪ್ಪಳವನ್ನೋ ಮಾರುತ್ತಿರುವವರಿಗೆ ತಿಳಿದವರು ಹೇಳುವುದಿಷ್ಟೆ: “ನೀವೇ ಏಕೆ ಸರಕು ಕೊಂಡು, ಕಪಾಟಿನಲ್ಲಿಟ್ಟು, ಕಟ್ಟಿ ಕಳಿಸುತ್ತೀರಿ? ಹತ್ತು ಜನ ಮಾರಾಟಗಾರರನ್ನು ಒಳಗೆ ಬಿಡಿ. ಅವರು ಮಾರಲಿ, ನೀವು ಕಮಿಷನ್ ತೆಗೆದುಕೊಳ್ಳಿ.” ಕೇಳಲು ಹಿತವಾಗಿದೆ. ಮಾಡುವುದೂ ಕಷ್ಟವಲ್ಲ. ವೂಕಾಮರ್ಸ್ ಮೇಲೆ ನಡೆಯುವ ಅಂಗಡಿಗೆ ಡೋಕಾನ್‌ನಂಥ ಒಂದು ಸಾಫ್ಟ್‌ವೇರ್ ಸೇರಿಸಿದರೆ ಮುಗಿಯಿತು. ಪ್ರತಿ ಮಾರಾಟಗಾರನಿಗೂ ಅವನದೇ ಪುಟ, ಅವನದೇ ಲೆಕ್ಕ, ಪ್ರತಿ ವ್ಯಾಪಾರದಲ್ಲೂ ಯಜಮಾನನ ಪಾಲು.

ಆದರೆ ಇದು ಅಂಗಡಿಯನ್ನು ದೊಡ್ಡದು ಮಾಡುವುದಲ್ಲ, ಕಸುಬನ್ನೇ ಬದಲಾಯಿಸುವುದು. ಅಂಗಡಿಯವನು ತಾನು ಮಾರಿದ ಸರಕಿಗೆ ಹೊಣೆಗಾರ. ಸಂತೆಯ ಸುಂಕದವನಿಗೆ ಸುಂಕ ಬಂದರೆ ಸಾಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತದೆಂದು ನಮ್ಮ ಹಿರಿಯರು ಗಾದೆಯಲ್ಲೇ ಹೇಳಿಟ್ಟಿದ್ದಾರೆ.

ದೊಡ್ಡವರು ನಡೆದ ದಾರಿಯೂ ಇದೇ. 1995ರಲ್ಲಿ ಪುಸ್ತಕದಂಗಡಿಯಾಗಿ ಬಾಗಿಲು ತೆರೆದ ಅಮೆಜಾನ್, 2000ದಲ್ಲಿ ತನ್ನ ಪುಟದಲ್ಲೇ ಬೇರೆಯವರಿಗೂ ಮಾರಲು ಜಾಗ ಕೊಟ್ಟಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಲೇ ಹುಟ್ಟಿದ ಫ್ಲಿಪ್‌ಕಾರ್ಟ್ 2013ರಲ್ಲಿ ಹಾಗೆಯೇ ಮಾಡಿತು. ವಿದೇಶಿ ಬಂಡವಾಳದ ಕಂಪನಿ ತನ್ನದೇ ದಾಸ್ತಾನನ್ನು ಇಂಟರ್‌ನೆಟ್ಟಿನಲ್ಲಿ ಗ್ರಾಹಕರಿಗೆ ನೇರ ಮಾರಲು ಆಗ ನಮ್ಮ ಕಾನೂನಿನ ಅಡ್ಡಿಯಿತ್ತು. ಸಂತೆ ನಡೆಸಲು ಇರಲಿಲ್ಲ. ಅವರಿಗೆ ಅವರ ಕಾರಣ. ಮಾರಾಟವಾಗದೆ ಉಳಿದ ಸರಕಿನ ನಷ್ಟ ಮಾತ್ರ ಯಜಮಾನನ ಕಪಾಟಿನಿಂದ ಮಾರುವವನ ಮನೆಗೆ ಬಂತು.

ನಮ್ಮ ಧಾರವಾಡದ ಕಸೂತಿಯ ಕಥೆಯನ್ನೇ ಕೇಳಿ. ನಾನು ಲೆಕ್ಕ ಬರೆದುಕೊಡುವ ಹೆಣ್ಣುಮಕ್ಕಳ ಗುಂಪೊಂದಿದೆ. ಗವಂತಿ, ಮುರ್ಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಬಲ್ಲವರು. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುವ ಕೆಲಸ. ಗವಂತಿ, ಮುರ್ಗಿಯಲ್ಲಂತೂ ಸೀರೆಯ ಬೆನ್ನೂ ಮುಖವೂ ಒಂದೇ. ಒಂದು ವೆಬ್‌ಸೈಟಿನವರು ಇವರ ಸೀರೆಗಳನ್ನು ರೊಕ್ಕ ಕೊಟ್ಟು ಕೊಳ್ಳುತ್ತಿದ್ದರು. ಕೊಳ್ಳುವ ಮುಂಚೆ ತಿರುಗಿಸಿ ನೋಡುತ್ತಿದ್ದರು. ಆಮೇಲೆ ಅವರೂ ಸಂತೆ ತೆರೆದರು. ಅಂದಿನಿಂದ ಕೊಳ್ಳುವುದು ನಿಂತಿತು, ತಿರುಗಿಸಿ ನೋಡುವುದೂ ನಿಂತಿತು. ಫೋಟೋ ತೆಗೆಯುವುದು, ಕಟ್ಟುವುದು, ವಾಪಸು ಬಂದದ್ದರ ಖರ್ಚು, ಎಲ್ಲ ಈ ಹೆಣ್ಣುಮಕ್ಕಳ ತಲೆಗೆ. ಪಕ್ಕದಲ್ಲೇ ಮಷೀನಿನ ಕಸೂತಿ ‘ಕೈಕಸೂತಿ’ ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಬಂದು ಕೂತಿತು. ಪರದೆಯ ಮೇಲಿನ ಸೀರೆಯನ್ನು ಯಾರು ತಿರುಗಿಸಿ ನೋಡುತ್ತಾರೆ?

“ಅಕ್ಕಾರ, ಕಣ್ಣು ಕಳಕೊಂಡು ನಾವು ಹಾಕಿದ್ದಕ್ಕ ಮಷೀನಿನ ರೇಟ್ ಕೇಳ್ತಾರಲ್ರೀ!” ಎಂದಳು ಅವರಲ್ಲೊಬ್ಬಳು. ದೂರು ಬರೆದೆವು. “ನಾವು ಮಾರುವವರಲ್ಲ, ಜಾಗ ಕೊಟ್ಟವರು ಮಾತ್ರ” ಎಂಬ ಉತ್ತರ ಬಂತು.

ಈ ಉತ್ತರ ಕೇಳಿ ಸುಮ್ಮನಾಗಬೇಕಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹಾಕಿದ ಚಿತ್ರ, ಬರೆದ ವಿವರ ನಿಜವಾದ ಸರಕಿಗೆ ಹೊಂದುತ್ತದೆಂದು ಸಂತೆಯ ಯಜಮಾನ ಪ್ರತಿ ಮಾರಾಟಗಾರನಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕು. ಮಾರುವವನ ಹೆಸರು, ವಿಳಾಸ ಕಾಣುವಂತೆ ಹಾಕಬೇಕು. ಗ್ರಾಹಕರ ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕೊಂಡು ಮೋಸಹೋದವರಿಗೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯೂ ಇದೆ. ಜಾಗ ಕೊಟ್ಟವನಿಗೆ ಯಾವ ಹೊಣೆಯೂ ಇಲ್ಲ ಎಂಬುದು ಸುಳ್ಳು.

“ಸಂತೆಯಿಂದಲೇ ಅಲ್ಲವೇ ಮೂಲೆಯ ಹೆಣ್ಣುಮಗಳಿಗೂ ಬಾಗಿಲು ತೆರೆದದ್ದು?” ಎನ್ನುವವರಿದ್ದಾರೆ. ಆ ಮಾತಿನಲ್ಲೂ ಸತ್ಯವಿದೆ. ಮೊದಲು ಇಂಥ ಸಂತೆಯಲ್ಲಿ ಸರಕು ಮಾರಲು ಎಷ್ಟೇ ಸಣ್ಣ ವ್ಯಾಪಾರವಾದರೂ ಜಿಎಸ್‌ಟಿ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದರೆ, ನೋಂದಣಿಯಿಲ್ಲದೆಯೂ ತನ್ನ ರಾಜ್ಯದೊಳಗೆ ಮಾರಬಹುದು. ದಾಖಲಾತಿ ಸಂಖ್ಯೆಯೊಂದನ್ನು ಪಡೆದರೆ ಸಾಕು. ಧಾರವಾಡದವಳು ಮೈಸೂರಿಗೆ ಕಳಿಸಬಹುದು. ಆದರೆ ಹತ್ತಿರದ ಕೊಲ್ಹಾಪುರಕ್ಕೆ ಕಳಿಸುವಂತಿಲ್ಲ! ಬಾಗಿಲು ತೆರೆದಿದೆ, ಅರ್ಧ.

ಹಲವರು ಸೇರಿ ಮಾರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಲಿಜ್ಜತ್ ಪಾಪಡ್ ಶುರು ಮಾಡಿದರು. ಅಲ್ಲಿ ಲಟ್ಟಿಸುವ ಕೈ ಸಾವಿರಾರು. ಆದರೆ ಹೆಸರು ಒಂದು, ಹದ ಒಂದು, ಲಟ್ಟಿಸುವವಳೇ ಒಡತಿ. ಕೆಟ್ಟ ಹಪ್ಪಳ ಹೋದರೆ ಎಲ್ಲರ ಮಾನವೂ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಹಲವರ ಸಂತೆಗೆ ಬೇಕಾದದ್ದು ಇದು. ಸಾಫ್ಟ್‌ವೇರ್ ಇದನ್ನು ಕೊಡಲಾರದು.

ಆದ್ದರಿಂದ ವೆಬ್‌ಸೈಟನ್ನು ಸಂತೆ ಮಾಡಹೊರಟ ಅಣ್ಣಂದಿರಿಗೂ ಅಕ್ಕಂದಿರಿಗೂ ನನ್ನ ಮಾತು: ಒಳಗೆ ಬಿಡುವ ಮುನ್ನ ಪ್ರತಿಯೊಬ್ಬರ ಸರಕನ್ನೂ ಕೈಯಲ್ಲಿ ಹಿಡಿದು ನೋಡಿ. ಕಮಿಷನ್ ಎಷ್ಟು, ವಾಪಸಿನ ಖರ್ಚು ಯಾರದು, ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ. ಅವರ ಸರಕು ಚೆನ್ನಾಗಿ ಓಡುವುದನ್ನು ಕಂಡು ಅದನ್ನೇ ನೀವು ಅಗ್ಗಕ್ಕೆ ಮಾಡಿಸಿ ಎದುರಿಗಿಡಬೇಡಿ. ಇಷ್ಟು ಆಗದಿದ್ದರೆ ಸಣ್ಣ ಅಂಗಡಿಯಾಗಿಯೇ ಇರಿ, ಅದರಲ್ಲಿ ಅವಮಾನವೇನಿಲ್ಲ.

ಕೊಳ್ಳುವ ಸೋದರಿಯರೇ, ನೀವೂ ಅಷ್ಟೆ. ಬೆಲೆಗಿಂತ ಮೊದಲು ಮಾರುವವರ ಹೆಸರು ಓದಿ. ಸೀರೆ ಮನೆಗೆ ಬಂದ ಕೂಡಲೇ ತಿರುಗಿಸಿ ನೋಡಿ. ಬೆನ್ನ ತುಂಬ ದಾರದ ಗೋಜಲಿದ್ದರೆ ಇಟ್ಟುಕೊಳ್ಳಬೇಡಿ, ದೂರು ಕೊಡಿ.