ಮೊಲಕ್ಕೆ ಹೊಡೆಯೋ ಮುಂಚೆ ಒಂದ್ಸಲ ಅದರ ಗೂಡು ನೋಡಿ

ಭತ್ತ, ಕಬ್ಬು, ರೇಷ್ಮೆ ಬಿಟ್ಟು ಇವತ್ತು ಮೊಲದ ವಿಷಯ ಬರೀತಿದ್ದೀನಿ. ನಗಬೇಡಿ, ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಬೀದೀಲಿ ಒಬ್ಬರ ಮನೆ ಮೊಮ್ಮಗಳ ಬೆರಳಿಗೆ ಅವರೇ ಸಾಕಿದ ಬಿಳಿ ಮೊಲ ಕಚ್ತು. ರಕ್ತ ಬಂತು, ಮಗು ಕಿರುಚಿಕೊಳ್ತು. ಅಜ್ಜ ಓಡಿಬಂದವನೇ ಮೊಲದ ಎರಡೂ ಕಿವಿ ಹಿಡಿದು ಮೇಲಕ್ಕೆತ್ತಿ ಮೂತಿ ಮೇಲೆ ನಾಲ್ಕು ಬಿಟ್ಟ. "ಸೊಕ್ಕು ಕಣಣ್ಣ ಇದ್ಕೆ, ತಿಂದು ತಿಂದು ಕೊಬ್ಬೈತೆ" ಅಂದ. ಅಲ್ಲಿ ನಿಂತಿದ್ದ ಮೂರು ಜನ ಮೂರು ತೀರ್ಪು ಕೊಟ್ಟರು. ಒಬ್ಬ "ಸಾರು ಮಾಡ್ಬುಡು" ಅಂದ. ಇನ್ನೊಬ್ಬ "ಇನ್ನೂ ನಾಕು ಕೊಡು, ದಾರಿಗೆ ಬತ್ತದೆ" ಅಂದ. ಮೂರನೆಯವನು "ಪಾಪ, ಕಬ್ಬಿನ ಗದ್ದೆಗೆ ಬುಟ್ಬುಡು, ಬದುಕ್ಕತದೆ, ಪುಣ್ಯನಾದ್ರೂ ಬತ್ತದೆ" ಅಂದ.

ಮೂರೂ ತಪ್ಪು ಅಂತ ನಾನು ಹೇಳ್ತೀನಿ. ಮೂರರಲ್ಲಿ ಎರಡು ತಪ್ಪನ್ನ ನಾನೇ ಮಾಡಿದ್ದೀನಿ, ಅದಕ್ಕೇ ಹೇಳ್ತಿರೋದು.

ಮೊದಲು ಆ ಮೊಲದ ಸ್ಥಿತಿ ಕೇಳಿ. ಕೋಳಿ ಸಾಗಿಸೋ ತಂತಿ ಪಂಜರ. ಉದ್ದ ಎರಡಡಿ ಇದ್ದರೆ ಹೆಚ್ಚು. ತಳಕ್ಕೂ ತಂತಿನೇ, ಕೂರೋಕೆ ಒಂದು ಹಲಗೆ ಇಲ್ಲ, ಅವಿತುಕೊಳ್ಳೋಕೆ ಮರೆ ಇಲ್ಲ. ಪಂಜರದಿಂದ ನಾಲ್ಕಡಿ ದೂರಕ್ಕೆ ಕಟ್ಟಿಹಾಕಿದ ನಾಯಿ, ಹಗಲೂ ರಾತ್ರಿ ಅದರ ಕಡೇನೇ ನೋಡ್ತಾ ಇರ್ತದೆ. ಊಟಕ್ಕೆ ಅನ್ನ, ಬ್ರೆಡ್ಡು, ಮಕ್ಕಳು ಹಾಕೋ ಬಿಸ್ಕತ್ತು. ಬೀದಿ ಹುಡುಗರು ಕಡ್ಡಿ ತೂರಿಸಿ ತಿವಿಯೋದು ಬೇರೆ. ನಮ್ಮನ್ನ ಒಂದು ದಿನ ಹಂಗೆ ಕೂಡಿಹಾಕಿದರೆ ನಾವು ಕಚ್ಚಲ್ವಾ? ಇದು ಆರು ತಿಂಗಳಿಂದ ತಡಕೊಂಡು ಕೂತಿತ್ತು. ಇದನ್ನ ಸೊಕ್ಕು ಅಂತೀರಾ?

ಮೊಲ ಅನ್ನೋದು ಬೇರೆಯವಕ್ಕೆ ಆಹಾರ ಆಗಿ ಹುಟ್ಟಿರೋ ಪ್ರಾಣಿ. ಹದ್ದು, ನಾಯಿ, ಮುಂಗುಸಿ, ಬೆಕ್ಕು ಎಲ್ಲಾ ಅದನ್ನ ಹಿಡಿಯೋವೇ. ಅದರ ಮೊದಲ ಉಪಾಯ ಓಡೋದು. ಎರಡನೇದು ಅಲ್ಲಾಡದಂಗೆ ಅವಿತು ಕೂರೋದು. ಎರಡೂ ಆಗದಿದ್ದಾಗ ಮಾತ್ರ ಕಚ್ಚೋದು, ಪರಚೋದು. ಓಡೋಕೆ ಜಾಗ ಇಲ್ಲದ, ಅವಿತುಕೊಳ್ಳೋಕೆ ಮರೆ ಇಲ್ಲದ ಪಂಜರದಲ್ಲಿಟ್ಟವರು ನಾವು. ಕಚ್ಚೋದೊಂದನ್ನೇ ಅದಕ್ಕೆ ಉಳಿಸಿಬಿಟ್ಟು, ಕಚ್ತು ಅಂತ ಹೊಡೆಯೋದು ಯಾವ ನ್ಯಾಯ?

ನಾವು ದನ ಕಂಡ ಜನ. ಮುಡುಕುತೊರೆ ಜಾತ್ರೆಗೆ ಹೋಗಿ ಹಳ್ಳಿಕಾರ್ ಜೋಡಿ ತರಬೇಕಾದರೆ ಹಲ್ಲು ನೋಡ್ತೀವಿ, ಸುಳಿ ನೋಡ್ತೀವಿ, ನಡಿಗೆ ನೋಡ್ತೀವಿ, ಹಾಯ್ತದಾ ಒದೀತದಾ ಅಂತ ಕೇಳ್ತೀವಿ. ಹೊಸ ಎತ್ತಿನ ಹಿಂದುಗಡೆಯಿಂದ ಸದ್ದಿಲ್ಲದೆ ಯಾರಾದರೂ ಹೋಗ್ತೀರಾ? ಇಲ್ಲ. ಬಾಯಲ್ಲಿ ಒಂದು ಸದ್ದು ಮಾಡಿ, ಪಕ್ಕದಿಂದ ಬಂದು, ಮೈ ಮುಟ್ಟಿ, ಆಮೇಲೆ ಹಗ್ಗ ಹಿಡೀತೀವಿ. ಯಾಕೆ ಅಂದರೆ ಹಿಂದೆ ಇರೋದು ಎತ್ತಿಗೆ ಕಾಣಲ್ಲ ಅಂತ ನಮ್ಮಪ್ಪ, ತಾತ ಹೇಳಿಕೊಟ್ಟವ್ರೆ. ಮೊಲಕ್ಕೆ ಇದು ಉಲ್ಟಾ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿರೋದು. ಹಿಂದೆ, ಮೇಲೆ ಎಲ್ಲಾ ಕಾಣ್ತದೆ. ಕಾಣದೇ ಇರೋದು ಮೂಗಿನ ನೇರ ಮುಂದೆ, ಗದ್ದದ ಕೆಳಗೆ. ಮಕ್ಕಳು ಬೆರಳು ತೂರಿಸೋದು ಎಲ್ಲಿಗೆ? ಸರಿಯಾಗಿ ಅಲ್ಲಿಗೇ. ಬೆರಳಲ್ಲಿ ಕ್ಯಾರೆಟ್ ವಾಸನೆ ಬೇರೆ ಇರ್ತದೆ. ಅದು ತಿಂಡಿ ಅಂತ ಕಚ್ತೋ, ಹೆದರಿ ಕಚ್ತೋ, ಮಗು ಬೆರಳಂತೂ ಹೋಯ್ತು.

ಎರಡನೇ ಕಾರಣ ವಯಸ್ಸು. ಅಂಗಡಿಯವರು ಅಂಗೈಯಗಲ ಮರಿ ಮಾರ್ತಾರೆ. ತಂದ ಮೂರು ತಿಂಗಳು ಹತ್ತಿ ಉಂಡೆ ಹಂಗೆ ಇರ್ತದೆ. ನಾಲ್ಕು ಐದು ತಿಂಗಳಿಗೆ ಬೆದೆಗೆ ಬರ್ತದೆ. ಆಗ ಗಂಡು ಉಚ್ಚೆ ಸಿಡಿಸ್ತದೆ, ಕಾಲು ಸುತ್ತಿ ಹತ್ತೋಕೆ ಬರ್ತದೆ, ಗೂಡಿಗೆ ಕೈ ಹಾಕಿದರೆ ಗುರ್ ಅಂತ ಮುನ್ನುಗ್ತದೆ. ಹೆಣ್ಣಿಗೆ ತನ್ನ ಗೂಡಿನ ಮೇಲೆ ಹಕ್ಕು ಇನ್ನೂ ಜಾಸ್ತಿ. ಅದಕ್ಕೇ ಮೊಲ ಸಾಕಾಣಿಕೆ ಮಾಡೋರು ಕೂಡಿಸೋವಾಗ ಹೆಣ್ಣನ್ನ ಗಂಡಿನ ಗೂಡಿಗೆ ತಗೊಂಡೋಗ್ತಾರೆ. ಗಂಡನ್ನ ಹೆಣ್ಣಿನ ಗೂಡಿಗೆ ಬಿಟ್ಟರೆ ಕಚ್ಚಿ ಗಾಯ ಮಾಡ್ತದೆ. ಎರಡು ಗಂಡು ಒಂದೇ ಗೂಡಲ್ಲಿ ಬೆಳೆದರೆ ಒಂದರ ಬೀಜ ಇನ್ನೊಂದು ಹರಿಯೋದೂ ಉಂಟು. ಇದನ್ನೆಲ್ಲ ಮಾರೋನು ಒಬ್ಬನೂ ಹೇಳಲ್ಲ. "ಜೋಡಿ ತಗೊಳ್ಳಿ ಸಾರ್" ಅಂತ ಎರಡು ಮರಿ ಕೊಡ್ತಾನೆ, ಗಂಡೋ ಹೆಣ್ಣೋ ಅವನಿಗೂ ಗೊತ್ತಿರಲ್ಲ.

ಮೂರನೇದು ನೋವು. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರ್ತದೆ. ಹುಲ್ಲು ಅಗಿದು ಅಗಿದು ಸವೀಬೇಕು. ಅನ್ನ, ಬ್ರೆಡ್ಡು ತಿಂದರೆ ಸವೆಯಲ್ಲ, ಒಳಗಡೆ ಮೊನೆಯಾಗಿ ಕೆನ್ನೆ, ನಾಲಿಗೆ ಕುಯ್ತದೆ. ತಂತಿ ಮೇಲೆ ಕೂತು ಕೂತು ಹಿಂಗಾಲಿನ ಅಡಿ ಹುಣ್ಣಾಗ್ತದೆ. ಕಿವಿ ಒಳಗೆ ಕಜ್ಜಿ ಹತ್ತಿ ಹಕ್ಕಳೆ ಕಟ್ತದೆ. ಅಂಥ ಕಿವಿ ಹಿಡಿದು ನಾವು ಎತ್ತೋದು. ಸಾಧುವಾಗಿದ್ದ ಮೊಲ ಇದ್ದಕ್ಕಿದ್ದಂಗೆ ಕಚ್ಚೋಕೆ ಶುರು ಮಾಡಿದರೆ ಮೊದಲು ಹಲ್ಲು, ಕಾಲು, ಕಿವಿ ನೋಡಿ, ಪಶು ಡಾಕ್ಟರಿಗೆ ತೋರಿಸಿ. ಕಾಲು ಕುಂಟೋ ಎತ್ತು ಒದ್ದರೆ ಅದಕ್ಕೆ ಹೊಡೀತೀವಾ? ಲಾಳ ನೋಡ್ತೀವಿ ತಾನೆ.

ಈಗ ನನ್ನ ತಪ್ಪು. ಮೂರು ವರ್ಷದ ಹಿಂದೆ ಮಗಳಿಗೆ ಅಂತ ಎರಡು ಮೊಲ ತಂದೆ. ಒಂದು ದಿನ ಗಂಡು ಮೊಲ ನಾಯಿ ಪಾಲಾಯ್ತು. ಉಳಿದ ಹೆಣ್ಣು ಎರಡು ಮೂರು ವಾರ ಆದಮೇಲೆ ಗೂಡು ಗುಡಿಸೋಕೆ ಹೋದ ನನ್ನ ಹೆಂಡತಿ ಕೈಗೆ ಎರಡು ಸಲ ಕಚ್ತು. ನಾನು ಸೊಕ್ಕು ಅಂತಲೇ ಅಂದುಕೊಂಡೆ. ಹೊಡೆದೆ. ಹೊಡೆದ ಮೇಲೆ ನನ್ನ ಕೈ ಕಂಡರೇ ಮುನ್ನುಗ್ಗೋಕೆ ಶುರುವಾಯ್ತು. ಅದರ ಮಾರನೇ ದಿನ ಸಂಜೆ ಗೋಣಿಚೀಲಕ್ಕೆ ಹಾಕಿಕೊಂಡು ಹೋಗಿ ನಾಲೆ ಆಚೆ ಕಬ್ಬಿನ ಗದ್ದೆಗೆ ಬಿಟ್ಟು ಬಂದೆ. ಬೆಳಿಗ್ಗೆ ನೀರು ಕಟ್ಟೋಕೆ ಹೋದಾಗ ಬದುವಿನ ಮೇಲೆ ಬಿಳಿ ಕೂದಲು ಬಿದ್ದಿತ್ತು. ಅಷ್ಟೇ ಇದ್ದಿದ್ದು.

ಮನೇಲಿ ಹೇಳಲಿಲ್ಲ. ಒಂದು ತಿಂಗಳಾದ ಮೇಲೆ ಹಸುವಿಗೆ ಇಂಜೆಕ್ಷನ್ ಕೊಡೋಕೆ ಬಂದ ಡಾಕ್ಟರ್ ಹತ್ತಿರ ಮಾತಿಗೆ ಮಾತು ಬಂದು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಓಡಾಡ್ತಿತ್ತಾ? ಹೊಟ್ಟೆ ಕೂದಲು ಕಿತ್ತುಕೊಂಡಿತ್ತಾ?" ಹೌದು. ಮೂಲೇಲಿ ಕೂದಲು ಗುಡ್ಡೆ ಮಾಡಿತ್ತು, ಏನೋ ರೋಗ ಅಂದುಕೊಂಡಿದ್ದೆವು. ನನ್ನ ಹೆಂಡತಿ ಪೊರಕೆ ಹಾಕಿದ್ದು ಆ ಮೂಲೆಗೇ. "ಅದು ಗಬ್ಬ ಆಗಿತ್ತು ಗೌಡ್ರೆ. ಮೂವತ್ತೊಂದು ದಿನಕ್ಕೆ ಮರಿ ಹಾಕ್ತದೆ. ಮರಿಗೆ ಅಂತ ಹಾಸಿಗೆ ಮಾಡಿಕೊಂಡಿತ್ತು" ಅಂದರು. ಸುಳ್ಳು ಗಬ್ಬ ಆದರೂ ಹಿಂಗೇ ಮಾಡ್ತದಂತೆ. ನಮ್ಮದು ಯಾವುದೋ, ಈಗ ಯಾರಿಗೆ ಗೊತ್ತು? ಕರು ಹಾಕಿದ ಹಸು ಹಾಯೋಕೆ ಬಂದರೆ "ಬಾಣಂತಿ ಕಣೋ, ದೂರ ಇರು" ಅನ್ನೋ ನಾನು, ಅದನ್ನ ನಾಯಿ ಬಾಯಿಗೆ ಕೊಟ್ಟು ಬಂದಿದ್ದೆ.

ಅದಕ್ಕೇ ಕಬ್ಬಿನ ಗದ್ದೆಗೆ ಬಿಡು ಅನ್ನೋರ ಮೇಲೆ ನನಗೆ ಕೋಪ. ಹೊಡೆಯೋನಿಗಾದರೂ ತಾನು ಹೊಡೀತಿದ್ದೀನಿ ಅಂತ ಗೊತ್ತಿರ್ತದೆ. ಬಿಟ್ಟು ಬರೋನು ಪುಣ್ಯ ಮಾಡಿದೆ ಅಂದುಕೊಂಡು ರಾತ್ರಿ ನಿದ್ದೆ ಮಾಡ್ತಾನೆ. ಈ ಬಿಳಿ ಮೊಲದ ಮೂಲ ಯೂರೋಪು, ನಮ್ಮ ಕಾಡುಮೊಲದ ಜಾತೀನೇ ಬೇರೆ. ಕಾಡುಮೊಲದ ಬಣ್ಣ ಮಣ್ಣಿಗೆ, ತರಗಿಗೆ ಹೊಂದಿಕೊಳ್ತದೆ, ಅದಕ್ಕೆ ಓಡೋ ಕಾಲು ಐತೆ. ಪಂಜರದಲ್ಲಿ ಬೆಳೆದ ಬಿಳಿ ಮೊಲ ಬೆಳದಿಂಗಳಲ್ಲಿ ಸುಣ್ಣದ ಉಂಡೆ ಹಂಗೆ ಕಾಣ್ತದೆ.

ಇದರ ಉಲ್ಟಾನೂ ಮಾಡಬೇಡಿ. ಕಬ್ಬು ಕಡಿಯೋವಾಗ ಕಾಡುಮೊಲದ ಮರಿ ಸಿಕ್ಕಿದರೆ ತಾಯಿ ಇಲ್ಲ ಅಂತ ಮನೆಗೆ ತರ್ತೀವಿ. ತಾಯಿ ಇರ್ತದೆ. ಹಗಲೆಲ್ಲ ಮರಿ ಹತ್ತಿರ ಕೂರಲ್ಲ, ಕತ್ತಲಾದಾಗ ಬಂದು ಹಾಲು ಕೊಟ್ಟು ಹೋಗ್ತದೆ. ಕಾಡುಮೊಲ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅದು ಸಾಧುವೂ ಆಗಲ್ಲ, ಹೆದರಿ ಹೆದರಿನೇ ಸಾಯ್ತದೆ. ಪಕ್ಕದ ಸಾಲಿನ ಮರೇಲಿ ಇಟ್ಟು ಬನ್ನಿ.

"ಕುರಿ ಕೋಳಿ ಕುಯ್ಯೋನು ನೀನು, ಮೊಲಕ್ಕೆ ಇಷ್ಟು ಪುರಾಣನಾ?" ಅಂತ ಕೇಳ್ತೀರಿ ಅಂತ ಗೊತ್ತು. ಹೌದು, ನಾನೂ ತಿಂತೀನಿ. ಆದರೆ ಬಂಡೂರು ಕುರಿ ಸಾಕೋ ಯಾವನಾದರೂ ದಿನಾ ಅದರ ಮೂತಿಗೆ ಗುದ್ದುತಾನಾ? ಕುಯ್ಯೋ ದಿನದವರೆಗೂ ಮಗನ ಹಂಗೆ ನೋಡ್ಕೊಳ್ತಾನೆ. ತಿನ್ನೋ ಮಾತು ಬೇರೆ, ಇರೋವಷ್ಟು ದಿನ ನೋಡ್ಕೊಳ್ಳೋ ಮಾತು ಬೇರೆ. ಅದೂ ಮಗು ಹೆಸರಿಟ್ಟು ಸಾಕಿದ ಪ್ರಾಣೀನ, ಕಚ್ತು ಅಂತ ಸಾರು ಮಾಡಿದರೆ ಆ ಮಗು ಏನು ಕಲೀತದೆ ಯೋಚನೆ ಮಾಡಿ. ಹೊಡೆದರೆ ಬುದ್ಧಿ ಬರ್ತದೆ ಅನ್ನೋದಂತೂ ಶುದ್ಧ ಸುಳ್ಳು. ಕೈ ಕಂಡರೆ ಪೆಟ್ಟು ಬೀಳ್ತದೆ ಅಂತ ಅದು ಕಲೀತದೆ. ಮುಂದಿನ ಸಲ ಮಗು ಕೈ ಬಂದಾಗಲೂ ಕಚ್ತದೆ.

ಮಾಡಬೇಕಾದ್ದು ಇಷ್ಟು. ಗೂಡು ಮೊಲ ಮೂರು ನಾಲ್ಕು ಸಲ ಕುಪ್ಪಳಿಸೋವಷ್ಟಾದರೂ ಉದ್ದ ಇರಲಿ. ತಳಕ್ಕೆ ಹಲಗೆ ಅಥವಾ ಗೋಣಿ, ಮೇಲೆ ರಾಗಿಹುಲ್ಲು. ಒಂದು ಮೂಲೇಲಿ ಮಂಕರಿ ಬೋರಲು ಹಾಕಿ ಬಾಯಿ ಮಾಡಿ, ಅದು ಅವಿತುಕೊಳ್ಳಲಿ. ಒಳಗೆ ಹೋದಾಗ ಯಾರೂ ಕೈ ಹಾಕಬಾರದು. ನಾಯಿ ಕಾಣದ ಕಡೆ, ನೆರಳಲ್ಲಿ ಇಡಿ. ನಮ್ಮ ಬೇಸಿಗೆ ಅದಕ್ಕೆ ಆಗಿಬರಲ್ಲ. ತಿನ್ನೋಕೆ ಯಾವಾಗಲೂ ಹುಲ್ಲು ಇರಬೇಕು: ಗರಿಕೆ, ನೇಪಿಯರ್, ಒಣಹುಲ್ಲು. ಜೊತೆಗೆ ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು. ಅನ್ನ, ಬ್ರೆಡ್ಡು ಬೇಡ.

ಗೂಡಿನೊಳಗೆ ಕೈ ಹಾಕಿ ಎಳೀಬೇಡಿ. ಬಾಗಿಲು ತೆಗೆದು ನೀವು ನೆಲದ ಮೇಲೆ ಕೂತ್ಕೊಳ್ಳಿ, ಅದೇ ಬರ್ತದೆ. ಕೈ ಪಕ್ಕದಿಂದ ತಂದು ಹಣೆ ಸವರಿ. ಕಿವಿ ಹಿಂದಕ್ಕೆ ಒತ್ತಿಕೊಂಡು ಬಾಲ ಎತ್ತಿದರೆ, ಹಿಂಗಾಲಲ್ಲಿ ನೆಲ ಕುಟ್ಟಿದರೆ ಅವತ್ತಿಗೆ ಬಿಡಿ. ಎತ್ತೋದಾದರೆ ಒಂದು ಕೈ ಎದೆ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ. ಹಿಂಭಾಗ ಜೋತುಬಿದ್ದು ಒದ್ದಾಡಿದರೆ ಬೆನ್ನುಮೂಳೆ ಮುರೀತದೆ. ಗಂಡಿನ ಉಪಟಳ ತಡೆಯೋಕಾಗದಿದ್ದರೆ ಮೊಲ ನೋಡಿ ಅಭ್ಯಾಸ ಇರೋ ಡಾಕ್ಟರ್ ಹತ್ತಿರ ಬೀಜ ತೆಗೆಸಬಹುದು. ಹೋರಿಗೆ ಹಾಕೋ ಇಕ್ಕಳದ ಯೋಚನೆ ಬೇಡ. ಕಚ್ಚಿದ ಗಾಯಾನ ಸೋಪು ಹಾಕಿ ಹದಿನೈದು ನಿಮಿಷ ಹರಿಯೋ ನೀರಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿ. ಮೊಲಕ್ಕೆ ನಾಯಿ, ಮುಂಗುಸಿ ಏನಾದರೂ ಕಚ್ಚಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಇಷ್ಟಕ್ಕೆಲ್ಲ ಟೈಮ್ ಎಲ್ಲೈತೆ ಅನ್ನೋರು ಮೊಲ ತರಲೇಬೇಡಿ. ಮಗು ಅತ್ತರೆ ಒಂದು ಚೆಂಡು ಕೊಡಿಸಿ.

ಆ ಬೀದಿಯ ಮೊಲ ಈಗ ನಮ್ಮ ಕೊಟ್ಟಿಗೇಲಿ ಐತೆ. "ಒಂದು ತಿಂಗಳು ಕೊಡಪ್ಪ, ಆಮೇಲೆ ನಿನ್ನಿಷ್ಟ" ಅಂತ ಕೇಳಿ ತಂದೆ. ಹಿಂಗಾಲಿನ ಅಡಿ ಎರಡೂ ಹುಣ್ಣಾಗಿತ್ತು, ಡಾಕ್ಟರ್ ಮುಲಾಮು ಕೊಟ್ಟರು. ಮೊದಲ ವಾರ ಮಂಕರಿಯಿಂದ ಆಚೆಗೇ ಬರಲಿಲ್ಲ. ಇವತ್ತಿಗೆ ಇಪ್ಪತ್ತೆರಡನೇ ದಿನ. ನನ್ನ ಕೈಯಿಂದ ಗರಿಕೆ ತಿಂತದೆ. ಆದರೆ ಕೈ ಸ್ವಲ್ಪ ಮೇಲೆತ್ತಿದರೆ ಸಾಕು, ಈಗಲೂ ನೆಲ ಕುಟ್ತದೆ. ಮೊನ್ನೆ ಆ ಮಗು ಬಂದಿತ್ತು, ದೂರದಲ್ಲಿ ಕೂತು ಸೊಪ್ಪು ಇಟ್ಟು ಹೋಯ್ತು. ಅವರಜ್ಜ ಇನ್ನೂ ಒಪ್ಪಿಲ್ಲ, ಬಾಗಿಲಲ್ಲೇ ನಿಂತು ನೋಡ್ತಿದ್ದ. ಇನ್ನು ಎಂಟು ದಿನ ಐತೆ.

ನಾಲೇಲಿ ನೀರು ಬಿಟ್ಟವ್ರೆ, ಗದ್ದೆ ಕಡೆ ಹೊರಟೆ. ನಮಸ್ಕಾರ.