ಒಂದು ಮಸಾಲೆ, ಮೂರು ಅಡುಗೆ: ಅತಿಥಿಗಳ ರಾತ್ರಿಯೂಟಕ್ಕೆ ಟೊಮೆಟೊ

ಸಂಜೆ ಐದು ಗಂಟೆಗೆ ಮನೆಯವರ ಫೋನ್ ಬರುತ್ತದೆ. "ರಾತ್ರಿ ಊಟಕ್ಕೆ ನಾಲ್ಕು ಜನ ಬರ್ತಾರೆ, ಏನಾದ್ರೂ ಮಾಡಿಬಿಡು." ಆ 'ಏನಾದ್ರೂ' ಎಂಬ ಮಾತಿನ ಭಾರ ಎಷ್ಟೆಂದು ಗೃಹಿಣಿಯರಿಗಷ್ಟೇ ಗೊತ್ತು. ಮಾಂಸ ತರಿಸಬೇಕೇ, ಬಿರಿಯಾನಿಗೆ ಸಮಯ ಸಾಕೇ, ತಿಂಗಳ ಕೊನೆಯಲ್ಲಿ ಇದೆಲ್ಲ ಹೊಂದುತ್ತದೆಯೇ ಎಂಬ ಚಿಂತೆಯಲ್ಲೇ ಅರ್ಧ ಗಂಟೆ ಕಳೆಯುತ್ತದೆ. ಕೊನೆಗೆ ಐದಾರು ಬಗೆ ಮಾಡಲು ಹೋಗಿ ರಾತ್ರಿ ಹತ್ತರವರೆಗೂ ಒಲೆಯ ಮುಂದೆಯೇ ನಿಲ್ಲಬೇಕಾಗುತ್ತದೆ. ಬಂದ ಹೆಣ್ಣುಮಕ್ಕಳು ಒಳಕೋಣೆಯಲ್ಲಿ ತಾವೇ ಕುಳಿತು, ಉಂಡು ಹೊರಡುತ್ತಾರೆ. ಅವರು ಬಂದದ್ದು ನಮ್ಮೊಡನೆ ನಾಲ್ಕು ಮಾತನಾಡಲು. ಆ ಮಾತೇ ಉಳಿದುಹೋಗುತ್ತದೆ.

ಅತಿಥಿ ಸತ್ಕಾರವೆಂದರೆ ಬಗೆಗಳ ಲೆಕ್ಕವಲ್ಲ. ಎರಡು ಮೂರು ಅಡುಗೆಯಾದರೂ ರುಚಿಯಾಗಿ, ಬಿಸಿಯಾಗಿದ್ದು, ಬಡಿಸುವವಳ ಮುಖದಲ್ಲಿ ದಣಿವಿಲ್ಲದಿದ್ದರೆ ಅದೇ ದೊಡ್ಡ ಊಟ. ಇದಕ್ಕೆ ಟೊಮೆಟೊದಷ್ಟು ಒದಗಿಬರುವ ತರಕಾರಿ ಇನ್ನೊಂದಿಲ್ಲ. ಒಮ್ಮೆ ಮಸಾಲೆ ಮಾಡಿಟ್ಟುಕೊಂಡು ಅದರಿಂದಲೇ ಮೂರು ಅಡುಗೆ ತಯಾರಿಸುವ ಕ್ರಮವನ್ನು ಈ ಬಾರಿ ನೋಡೋಣ. ಅಳತೆ ಆರು ಮಂದಿಗೆ. ಎರಡು ಬರ್ನರಿನ ಒಲೆಯಿದ್ದರೆ, ಹೆಚ್ಚುವ ಕೆಲಸವೂ ಸೇರಿ ಸುಮಾರು ಒಂದೂವರೆ ಗಂಟೆ ಸಾಕು.

ಟೊಮೆಟೊ ಮಸಾಲೆ

ಬೇಕಾಗುವ ಸಾಮಗ್ರಿಗಳು: ಚೆನ್ನಾಗಿ ಹಣ್ಣಾದ ಟೊಮೆಟೊ 1½ ಕಿಲೋ, ದೊಡ್ಡ ಈರುಳ್ಳಿ 4, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 2 ದೊಡ್ಡ ಚಮಚ, ಬ್ಯಾಡಗಿ ಮೆಣಸಿನ ಪುಡಿ 2 ಚಿಕ್ಕ ಚಮಚ, ಕೊತ್ತಂಬರಿ ಪುಡಿ 2 ದೊಡ್ಡ ಚಮಚ, ಅರಿಶಿನ ½ ಚಿಕ್ಕ ಚಮಚ, ಎಣ್ಣೆ ½ ಕಪ್, ಉಪ್ಪು.

ಮಾಡುವ ವಿಧಾನ: ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಹೊಂಬಣ್ಣ ಬರುವವರೆಗೆ ಹುರಿಯಿರಿ. ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಿ ಹಸಿ ವಾಸನೆ ಹೋದ ಮೇಲೆ ಪುಡಿಗಳನ್ನು ಸೇರಿಸಿ. ಸೀಯುವ ಮೊದಲೇ ಹೆಚ್ಚಿದ ಟೊಮೆಟೊ ಮತ್ತು ಉಪ್ಪು ಹಾಕಿ ಮುಚ್ಚಿಡಿ. ಉಪ್ಪು ಬಿದ್ದೊಡನೆ ಟೊಮೆಟೊ ನೀರು ಬಿಡುವುದರಿಂದ ಬೇರೆ ನೀರು ಬೇಡ. ಹತ್ತು ನಿಮಿಷದ ನಂತರ ಮುಚ್ಚಳ ತೆಗೆದು, ನೀರಿಂಗಿ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಬಾಡಿಸಿ. ಇಲ್ಲಿ ಅವಸರ ಮಾಡಿದರೆ ಮೂರು ಅಡುಗೆಯಲ್ಲೂ ಹಸಿ ಹುಳಿ ಉಳಿಯುತ್ತದೆ. ಮಸಾಲೆಯಲ್ಲಿ ಅರ್ಧ ಭಾಗ ಕಟ್‌ಗೆ, ಕಾಲು ಭಾಗ ಅನ್ನಕ್ಕೆ, ಉಳಿದ ಕಾಲು ಭಾಗ ಶೋರ್ಬಾಕ್ಕೆ. ಮಸಾಲೆ ಬೇಯುತ್ತಿರುವಾಗಲೇ ಇನ್ನೊಂದು ಒಲೆಯಲ್ಲಿ ಮೊಟ್ಟೆ ಮತ್ತು ಬೇಳೆ ಬೇಯಿಸಿಕೊಳ್ಳಿ. ಅಕ್ಕಿಯನ್ನೂ ನೆನೆಹಾಕಿ.

1. ಮೊಟ್ಟೆಯ ಟೊಮೆಟೊ ಕಟ್

ಇದು ಹೈದರಾಬಾದಿನ ಮನೆಗಳ ಹೆಸರಾಂತ ಅಡುಗೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕರಾವಳಿ ಮತ್ತು ಮಲೆನಾಡಿನ ಸಹೋದರಿಯರು ಒಮ್ಮೆ ಮಾಡಿ ನೋಡಿ.

ಬೇಕಾಗುವ ಸಾಮಗ್ರಿಗಳು: ಬೇಯಿಸಿದ ಮೊಟ್ಟೆ 6, ಕಡಲೆ ಹಿಟ್ಟು 2 ದೊಡ್ಡ ಚಮಚ, ಮೆಣಸಿನ ಪುಡಿ 1 ಚಿಕ್ಕ ಚಮಚ. ಒಗ್ಗರಣೆಗೆ ಎಣ್ಣೆ, ಸಾಸಿವೆ, ಜೀರಿಗೆ, ಕಲೋಂಜಿ ತಲಾ ½ ಚಿಕ್ಕ ಚಮಚ, ಒಣಮೆಣಸು 4, ಬೆಳ್ಳುಳ್ಳಿ 8 ಎಸಳು, ಕರಿಬೇವು.

ಮಾಡುವ ವಿಧಾನ: ಕಡಲೆ ಹಿಟ್ಟನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಘಮ್ಮೆನ್ನುವಂತೆ ಹುರಿದು, ಆರಿಸಿ, ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಆರಿದ ಮಸಾಲೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಮೂರು ಕಪ್ ನೀರು ಮತ್ತು ಮೆಣಸಿನ ಪುಡಿ ಹಾಕಿ ಕುದಿಸಿ. ಕಲಸಿದ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಹತ್ತು ನಿಮಿಷ ಕುದಿಸಿ. ಉಪ್ಪು ನೋಡಿ. ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ ಮಾಡಿ ಮೇಲೆ ಸುರಿಯಿರಿ. ಮೊಟ್ಟೆಗಳನ್ನು ಎರಡು ಹೋಳು ಮಾಡಿ ಬಡಿಸುವ ಹೊತ್ತಿಗೆ ಹಾಕಿದರೆ ಹಳದಿ ಕರಗುವುದಿಲ್ಲ.

2. ಟೊಮೆಟೊ ಅನ್ನ

ಬೇಕಾಗುವ ಸಾಮಗ್ರಿಗಳು: ಬಾಸುಮತಿ ಅಕ್ಕಿ 3 ಕಪ್, ತುಪ್ಪ 3 ದೊಡ್ಡ ಚಮಚ, ಚಕ್ಕೆ 2 ತುಂಡು, ಲವಂಗ 5, ಏಲಕ್ಕಿ 4, ಸೀಳಿದ ಹಸಿಮೆಣಸು 4, ಪುದೀನ ಒಂದು ಹಿಡಿ, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಬಿಸಿ ನೀರು 4½ ಕಪ್.

ಮಾಡುವ ವಿಧಾನ: ಅಕ್ಕಿಯನ್ನು ತೊಳೆದು ಇಪ್ಪತ್ತು ನಿಮಿಷ ನೆನೆಸಿ ಸೋಸಿಡಿ. ತುಪ್ಪದಲ್ಲಿ ಚಕ್ಕೆ, ಲವಂಗ, ಏಲಕ್ಕಿ ಸಿಡಿಸಿ, ಹಸಿಮೆಣಸು, ಪುದೀನ ಬಾಡಿಸಿ. ಮಸಾಲೆ ಹಾಕಿ, ಅಕ್ಕಿ ಸೇರಿಸಿ ಮೆಲ್ಲಗೆ ಕೈಯಾಡಿಸಿ. ಬಿಸಿ ನೀರು, ಉಪ್ಪು ಹಾಕಿ. ನೀರು ಅಕ್ಕಿಯ ಮಟ್ಟಕ್ಕೆ ಇಳಿದಾಗ ಉರಿ ತಗ್ಗಿಸಿ, ಬಿಗಿಯಾಗಿ ಮುಚ್ಚಿ ಹನ್ನೆರಡು ನಿಮಿಷ ದಮ್ ಕೊಡಿ. ಒಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಕೊತ್ತಂಬರಿ ಸೊಪ್ಪು ಉದುರಿಸಿ. ಒಂದು ಕಪ್ ನೀರಿನ ಬದಲು ಅಷ್ಟೇ ತೆಂಗಿನ ಹಾಲು ಹಾಕಿದರೆ ರುಚಿ ಇನ್ನೂ ಮೃದುವಾಗುತ್ತದೆ.

3. ಟೊಮೆಟೊ-ಬೇಳೆ ಶೋರ್ಬಾ

ಮಕ್ಕಳಿಗೂ ಹಿರಿಯರಿಗೂ ಹಿತವಾದದ್ದು. ಊಟಕ್ಕೆ ಮುನ್ನ ಲೋಟದಲ್ಲಿ ಕೊಡಬಹುದು.

ಬೇಕಾಗುವ ಸಾಮಗ್ರಿಗಳು: ಮಸೂರ್ ಬೇಳೆ ½ ಕಪ್, ಕಾಳುಮೆಣಸಿನ ಪುಡಿ ½ ಚಿಕ್ಕ ಚಮಚ, ಜೀರಿಗೆ 1 ಚಿಕ್ಕ ಚಮಚ, ತುಪ್ಪ 1 ದೊಡ್ಡ ಚಮಚ, ನಿಂಬೆಹಣ್ಣು ½.

ಮಾಡುವ ವಿಧಾನ: ಬೇಳೆಯನ್ನು ನಾಲ್ಕು ಕಪ್ ನೀರಿನಲ್ಲಿ ಪೂರ್ತಿ ಕರಗುವಂತೆ ಬೇಯಿಸಿ. ಆಮೇಲೆಯೇ ಮಸಾಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ. ಐದು ನಿಮಿಷ ಕುದಿಸಿ, ಕಡೆದು, ಬೇಕಿದ್ದರೆ ಸೋಸಿ. ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಟ್ಟು, ಕಾಳುಮೆಣಸಿನ ಪುಡಿ ಉದುರಿಸಿ. ರುಚಿ ನೋಡಿ, ಹುಳಿ ಕಡಿಮೆಯೆನಿಸಿದರೆ ಮಾತ್ರ ನಿಂಬೆರಸ ಹಿಂಡಿ.

ನೆನಪಿಡಿ

* ನಾಟಿ ಟೊಮೆಟೊದಲ್ಲಿ ಹುಳಿಯೂ ರಸವೂ ಹೆಚ್ಚು. ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು. ಎರಡನ್ನೂ ಅರ್ಧರ್ಧ ಬೆರೆಸಿದರೆ ಮಸಾಲೆಗೆ ರುಚಿಯೂ ಬರುತ್ತದೆ, ದಪ್ಪವೂ ಬರುತ್ತದೆ.

* ಪೂರ್ತಿ ಹಣ್ಣಾಗದ ಟೊಮೆಟೊವನ್ನು ಫ್ರಿಜ್‌ನಲ್ಲಿಡಬೇಡಿ. ಸರಿಯಾಗಿ ಹಣ್ಣಾಗದೆ ರುಚಿ ಕೆಡುತ್ತದೆ.

* ಅಲ್ಯೂಮಿನಿಯಂ ಪಾತ್ರೆಯಲ್ಲಿ ಟೊಮೆಟೊ ಬೇಯಿಸಿಡಬೇಡಿ. ಹುಳಿ ಲೋಹದೊಂದಿಗೆ ಸೇರಿ ಅಡುಗೆಯ ರುಚಿ ಕೆಡುತ್ತದೆ.

* ಟೊಮೆಟೊದ ಬೆಲೆಯನ್ನು ನಂಬುವಂತಿಲ್ಲ. 2023ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಿಲೋಗೆ 100 ರೂಪಾಯಿ ದಾಟಿತ್ತು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಬಾಕ್ಸ್ 2,000 ರೂಪಾಯಿಗೂ ಹೆಚ್ಚಿಗೆ ಮಾರಾಟವಾಯಿತು. ಬೆಲೆ ಕುಸಿದಾಗ ಅದೇ ಕೋಲಾರದ ರೈತರು ಬೆಳೆಯನ್ನು ರಸ್ತೆ ಬದಿ ಸುರಿದದ್ದೂ ಇದೆ. ಆದ್ದರಿಂದ ಅಗ್ಗವಾಗಿ ಸಿಕ್ಕಾಗ ಹೆಚ್ಚು ಕೊಂಡು ಮಸಾಲೆ ಮಾಡಿಡಿ. ಫ್ರಿಜ್‌ನಲ್ಲಿ ಮೂರು ದಿನ, ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟರೆ ಒಂದು ತಿಂಗಳು ಇರುತ್ತದೆ. ಆಗ ಸಂಜೆಯ ಫೋನ್‌ಗೆ ಹೆದರಬೇಕಿಲ್ಲ.

ಮನೆಯ ಗಂಡಸರಿಗೂ ಒಂದು ಮಾತು. ಮೊಟ್ಟೆ ಸುಲಿಯಲು, ಸುಪ್ರ ಹಾಸಲು, ನೀರಿನ ಲೋಟ ಇಡಲು ಯಾವ ಪಾಕಶಾಸ್ತ್ರವೂ ಬೇಕಿಲ್ಲ. ಅತಿಥಿಯನ್ನು ಕರೆದವರು ನೀವು. ಕೆಲಸದಲ್ಲೂ ಪಾಲು ಪಡೆಯಿರಿ. ಸಹೋದರಿಯರೇ, ನೀವೂ ಸಂಕೋಚ ಬಿಟ್ಟು ಕೇಳಿ. ಅನ್ನ ದಮ್‌ಗೆ ಕುಳಿತ ಮೇಲೆ ಒಲೆಯ ಬಳಿ ನಿಮಗೆ ಕೆಲಸವಿಲ್ಲ. ಕೈ ತೊಳೆದು, ಸೆರಗು ಸರಿಪಡಿಸಿಕೊಂಡು ಒಳಕೋಣೆಗೆ ನಡೆಯಿರಿ. ಬಂದವರ ಪಕ್ಕದಲ್ಲಿ ಕುಳಿತು ನೀವೂ ಬಿಸಿ ಬಿಸಿಯಾಗಿ ಊಟ ಮಾಡಿ.