ಬದುವಿನ ಪಲ್ಯದ ಗುರುತು ಉಳಿಯಲಿ

ಮಿರಗದ ಮಳೆ ಬಿದ್ದ ಮೇಲೆ ಜತ್ತ, ಅಕ್ಕಲಕೋಟ ತಾಲೂಕುಗಳ ಹೊಲದ ಬದುವಿನಲ್ಲಿ ಗೋಳಿ, ಹತ್ತರಕಿ, ತಗಚಿ ತಾವಾಗಿಯೇ ಹುಟ್ಟುತ್ತವೆ. ಬಿತ್ತುವವರಿಲ್ಲ, ನೀರು ಹಾಯಿಸುವವರಿಲ್ಲ. ಯಾವುದು ತಿನ್ನಬೇಕು, ಯಾವುದು ಬಿಡಬೇಕು ಎಂಬುದು 1972ರ ಬರ ಕಂಡ ಹೆಣ್ಣುಮಕ್ಕಳಿಗೆ ಬಾಯಿಪಾಠ. ಅಂದು 20 ವರ್ಷದವರು ಇಂದು 70 ದಾಟಿದ್ದಾರೆ.

ಹೆಸರು ಗೊತ್ತಿದ್ದರೆ ಸಾಲದು. ಗೋಳಿಯಂಗ ಕಾಣುವ ಗಿಡ ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಳಿ ಅಲ್ಲ. ತಗಚಿ ಎಳೆ ಎಲೆ ಇದ್ದಾಗಷ್ಟೇ ಪಲ್ಯಕ್ಕೆ ಬರುತ್ತದೆ. ಕಸದ ಎಣ್ಣಿ ಹೊಡೆದ ಬದುವಿನದು ಬ್ಯಾಡೇ ಬ್ಯಾಡ. ಗುರುತು ಸಿಗದ್ದನ್ನು ಬಾಯಿಗೆ ಹಾಕಬಾರದು. ಇದು ಫೋಟೋ ನೋಡಿ ಬರುವ ವಿದ್ಯೆಯಲ್ಲ, ಬಲ್ಲವರ ಹಿಂದೆ ಅಡ್ಡಾಡಿ ಕಲಿಯುವಂಥದ್ದು.

ಮಹಾರಾಷ್ಟ್ರದ ಕೃಷಿ ಇಲಾಖೆ ಮಳೆಗಾಲದಲ್ಲಿ ರಾನಭಾಜಿ ಮಹೋತ್ಸವ ನಡೆಸುವುದು ಒಳ್ಳೆಯದೇ. ಗಡಿ ತಾಲೂಕುಗಳಲ್ಲಿ ಘೋಳ ಎಂದರೆ ಗೋಳಿ, ಟಾಕಳಾ ಎಂದರೆ ತಗಚಿ ಎಂದು ಎರಡೂ ಹೆಸರು ಜೋಡಿಸಿ ಬರೆಯಲಿ. ಇಲ್ಲಿಯ ಕನ್ನಡ ಶಾಲೆಗಳು ಶ್ರಾವಣದೊಳಗೆ ಒಂದು ದಿನ ಊರಿನ ಅಜ್ಜಿಯರನ್ನು ಕರೆದು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲಿ. ಇದಕ್ಕೆ ಅನುದಾನ ಬೇಕಿಲ್ಲ, ಮನಸ್ಸು ಬೇಕು. ಪಲ್ಯ ಮುಂದಿನ ವರ್ಷವೂ ಹುಟ್ಟೀತು, ಗುರುತು ಹೇಳುವ ಅಜ್ಜಿ ಇರುತ್ತಾಳೆಂಬ ಖಾತ್ರಿ ಇಲ್ಲ.